ಮೊದಲು ಮೀನಿನ ಹೆಸರು

ಕೊಲ್ಲಂ ಕಡಲತೀರದ ಆ ಕನ್ಯಾಮಠದ ಆಸ್ಪತ್ರೆಗೆ ಯಾರಾದರೂ ಗಂಟಲು ಹಿಡಿದುಕೊಂಡು ಬಂದರೆ ಡಾಕ್ಟರು ಕೇಳುವ ಮೊದಲ ಪ್ರಶ್ನೆ, 'ಎಷ್ಟು ಹೊತ್ತಾಯಿತು?' ಎಕ್ಸ್-ರೇ ಕೋಣೆಯ ಸೆಲೆಸ್ಟಿನ್ ಕೇಳುವ ಮೊದಲ ಪ್ರಶ್ನೆ, 'ಯಾವ ಮೀನು?' ಹೆಸರು, ವಯಸ್ಸು, ವಿಳಾಸ ಎಲ್ಲ ಆಮೇಲೆ. ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರುಗಳು ಮೊದಲ ವಾರ ಇದನ್ನು ಕಂಡು ನಗುತ್ತಿದ್ದರು. ಎರಡನೆಯ ವಾರ ತಾವೇ ಚೀಟಿಯ ಮೇಲೆ ಮೀನಿನ ಹೆಸರು ಬರೆದು ಕಳಿಸುತ್ತಿದ್ದರು.

ಸೆಲೆಸ್ಟಿನ್‌ಗೆ ಐವತ್ತೆರಡು ವರ್ಷ. ಒಣಕಲು ಮೈ. ತನ್ನ ಪಕ್ಕೆಲುಬು ಎಣಿಸಲು ಎಕ್ಸ್-ರೇ ಬೇಕಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ದಿನಕ್ಕೆ ನಲವತ್ತು ಎದೆ ನೋಡುವ ಈ ಮನುಷ್ಯನಿಗೆ ಸ್ವಂತ ಎದೆಗಾರಿಕೆ ಮಾತ್ರ ಅಷ್ಟಕ್ಕಷ್ಟೆ. ಆಸ್ಪತ್ರೆಯ ಮೇಲ್ವಿಚಾರಕಿ ಸಿಸ್ಟರ್ ಡೆಲ್ಫಿನಾ ಓಣಿಯ ಆ ತುದಿಯಲ್ಲಿ ಕಂಡರೆ ಈ ತುದಿಯಲ್ಲಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ, ತೆಗೆಯಬೇಕಾದ ಎದೆ ತನ್ನದೇ ಎನ್ನುವ ಹಾಗೆ.

ಅವನ ಅಪ್ಪ ಮರಿಯದಾಸ್ ದೋಣಿಯವನು. ನೀರಿನ ಬಣ್ಣ ನೋಡಿ, ಕೆಳಗೆ ಯಾವ ಮೀನಿನ ಹಿಂಡು ಯಾವ ಕಡೆಗೆ ಹೊರಟಿದೆ ಎಂದು ಹೇಳುತ್ತಿದ್ದವನು. ಮಗನೋ, ದೋಣಿ ಹತ್ತಿದರೆ ಕಾರುತ್ತಿದ್ದ. ಮೂರು ಸಲ ಕರೆದುಕೊಂಡು ಹೋಗಿ ನೋಡಿ, 'ಇವನು ಮೀನಿಗೆ ಮೇವು ಹಾಕೋಕೆ ಲಾಯಕ್ಕು' ಎಂದು ಅಪ್ಪ ಕೈಬಿಟ್ಟ. ಪಾದ್ರಿಯೊಬ್ಬರು ಎಕ್ಸ್-ರೇ ತರಬೇತಿಗೆ ಸೇರಿಸಿದರು. ಮೇಲೆ ನಿಂತು ಒಳಗಿರುವುದನ್ನು ಹೇಳುವ ಮನೆತನದ ಕಸುಬು ಹೀಗೆ ಕಡಲು ಬಿಟ್ಟು ದಡಕ್ಕೆ ಬಂತು.

ಆಗಿನ್ನೂ ಫಿಲ್ಮಿನ ಕಾಲ. ಕತ್ತಲೆ ಕೋಣೆ, ಕೆಂಪು ದೀಪ, ಹುಳಿ ವಾಸನೆಯ ಔಷಧದ ತೊಟ್ಟಿ. ಫಿಲ್ಮನ್ನು ಅದರೊಳಗೆ ಅದ್ದಿ ಅಲುಗಿಸುತ್ತ ನಿಂತರೆ ಮೊದಲು ಏನೂ ಇರುವುದಿಲ್ಲ. ಆಮೇಲೆ ಪಕ್ಕೆಲುಬುಗಳು ಒಂದೊಂದಾಗಿ, ಬೆಳಗಿನ ಮಂಜಿನಲ್ಲಿ ದೋಣಿಗಳು ದಡಕ್ಕೆ ಬಂದ ಹಾಗೆ, ಮೆಲ್ಲಗೆ ಕಾಣಿಸಿಕೊಳ್ಳುತ್ತವೆ. ಹೊರಗೆ ಬೆಂಚಿನ ಮೇಲೆ ಕೂತು ಬೀಡಿಗಾಗಿ ಜೇಬು ತಡಕುತ್ತಿರುವ ಮನುಷ್ಯನ ಹೃದಯದ ನೆರಳು ಇಲ್ಲಿ ಒಳಗೆ ಸೆಲೆಸ್ಟಿನ್‌ನ ಕೈಯಲ್ಲಿ ತೊಟ್ಟಿಕ್ಕುತ್ತಿರುತ್ತದೆ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ. ಕೈಗೆ ಅಭ್ಯಾಸವಾಯಿತು, ಮೂಗಿಗೆ ಅಭ್ಯಾಸವಾಯಿತು, ಕಣ್ಣಿಗೆ ಮಾತ್ರ ಆಗಲಿಲ್ಲ. ಪ್ರತಿ ಸಲ ಮೊದಲ ಎಲುಬು ಮೂಡುವಾಗ ಒದ್ದೆ ಕೈಯಲ್ಲೇ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ. ಅವನ ಅಂಗಿಯ ಎದೆಯ ಮೇಲೆ ಯಾವಾಗಲೂ ನಾಲ್ಕು ಕಲೆಗಳಿರುತ್ತಿದ್ದವು.

ಆಮೇಲೆ ಕಂಪ್ಯೂಟರ್ ಬಂತು. ತೊಟ್ಟಿಗಳು ಹೋದವು. ಕತ್ತಲೆ ಕೋಣೆಯಲ್ಲಿ ಪೊರಕೆಗಳನ್ನೂ ಕ್ರಿಸ್‌ಮಸ್ ಗೋದಲಿಯ ಕುರಿಗಳನ್ನೂ ತುಂಬಿದರು. ಆ ಕೋಣೆಯ ಕತ್ತಲೆ ಸೆಲೆಸ್ಟಿನ್‌ನ ಮುಖಕ್ಕೆ ಬಂದು ಕೂತಿತು. ಈಗ ಫಿಲ್ಮಿನ ಬದಲು ಒಂದು ಪ್ಲೇಟು. ಅದನ್ನು ಯಂತ್ರದ ಬಾಯಿಗೆ ತುರುಕಿದರೆ ಮುಕ್ಕಾಲು ನಿಮಿಷದಲ್ಲಿ ಪರದೆಯ ಮೇಲೆ ಚಿತ್ರ ಸಿದ್ಧ. ಮದುವೆಯ ಫೋಟೋದಷ್ಟು ಚೊಕ್ಕಟ. ಡಾಕ್ಟರುಗಳಿಗೆ ಖುಷಿಯೋ ಖುಷಿ.

ಮೂರನೆಯ ವಾರ ಒಬ್ಬ ಬಲೆಗಾರ ಬೂತಾಯಿ ಮುಳ್ಳು ನುಂಗಿ ಬಂದ. ಚಿತ್ರದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲ ಎಂದು ಹೇಳಿ ಕಳಿಸಿದರು. ಮರುದಿನ ಅವನು ಕೆಮ್ಮಿ ಹೊರಹಾಕಿದ ಮುಳ್ಳನ್ನು ಪೇಪರಿನಲ್ಲಿ ಸುತ್ತಿ ತಂದು ಸೆಲೆಸ್ಟಿನ್‌ನ ಮೇಜಿನ ಮೇಲಿಟ್ಟ.

"ಹಳೇ ಮಿಷನ್‌ಗೆ ವಯಸ್ಸಾಗಿತ್ತು. ಇದಕ್ಕೆ ಕಣ್ಣೇ ಇಲ್ಲವಲ್ಲ ಅಣ್ಣಾ," ಎಂದು ಹೇಳಿ ಹೋದ.

ಸೆಲೆಸ್ಟಿನ್ ಆ ಪೇಪರ್ ಪೊಟ್ಟಣವನ್ನು ಹಾಗೇ ಇಟ್ಟುಕೊಂಡ. ಕಂಪನಿಯ ಇಂಜಿನಿಯರ್ ಅನೂಪ್ ಕೊಚ್ಚಿಯಿಂದ ಯಂತ್ರ ನೋಡಲು ಬಂದಾಗ ಅವನ ಮುಂದೆ ಬಿಚ್ಚಿಟ್ಟ.

"ಇದು ಯಾಕೆ ಬೀಳಲಿಲ್ಲ?"

ಅನೂಪ್ ಮುಳ್ಳನ್ನು ದೂರದಿಂದಲೇ ನೋಡಿದ. "ಬಿದ್ದಿರುತ್ತೆ ಅಣ್ಣಾ. ಪ್ಲೇಟು ಎಲ್ಲಾನೂ ಹಿಡಿಯುತ್ತೆ. ಆಮೇಲೆ ಸಾಫ್ಟ್‌ವೇರ್ ಚಿತ್ರನ ಚಂದ ಮಾಡ್ತದೆ. ಸಣ್ಣ ಸಣ್ಣ ಗೆರೆ ಕಂಡ್ರೆ ಕಸ ಅಂದ್ಕೊಂಡು ಗುಡಿಸಿಬಿಡುತ್ತೆ."

"ಇದನ್ನ ಮಾಡಿದವರು ಮೀನು ತಿನ್ನಲ್ವಾ?"

"ತಿಂತಾರೆ. ಅವರಿಗೆ ಮುಳ್ಳು ತೆಗೆದು ಡಬ್ಬೀಲಿ ಹಾಕಿ ಕೊಡ್ತಾರೆ."

ಕಂಪನಿಯ ಕಣ್ಣಿಗೆ ಮುಳ್ಳು ಕಸ. ಈ ತೀರದಲ್ಲಿ ಅದು ದಿನಚರಿ. ಅನೂಪ್ ಪರದೆಯ ಮೂಲೆಯಲ್ಲಿ ಒಂದು ಗುಪ್ತ ಬಾಗಿಲು ತೆರೆದ. ಅದರೊಳಗೆ ಎಳೆದರೆ ಜಾರುವ ಹತ್ತಾರು ಗುಂಡಿಗಳು. ಒಂದು ಕಪ್ಪು-ಬಿಳುಪಿಗೆ, ಒಂದು ಅಂಚುಗಳ ಹರಿತಕ್ಕೆ, ಒಂದು ಕಸ ಗುಡಿಸುವುದಕ್ಕೆ. ತೆಗೆದ ಕಚ್ಚಾ ಚಿತ್ರ ಯಂತ್ರದ ಹೊಟ್ಟೆಯಲ್ಲಿ ಹಾಗೇ ಇರುತ್ತದೆ, ರೋಗಿಯನ್ನು ಮತ್ತೆ ಕರೆದು ಕಿರಣ ಬಿಡುವುದು ಬೇಕಿಲ್ಲ, ಬೇಕಾದ ಹಾಗೆ ಮತ್ತೆ ಮತ್ತೆ ಬೇಯಿಸಿಕೊಳ್ಳಬಹುದು, ರುಚಿ ಸರಿಹೋದ ಅಳತೆಯನ್ನು ಒಂದು ಹೆಸರು ಕೊಟ್ಟು ಇಟ್ಟುಕೊಳ್ಳಲೂಬಹುದು ಎಂದು ವಿವರಿಸಿದ.

ಸೆಲೆಸ್ಟಿನ್ ಆ ಬಲೆಗಾರನ ಗಂಟಲನ್ನು ಹೊರತೆಗೆದು ಒಂದು ಗುಂಡಿ ಎಳೆದ. ಚರ್ಮ ಮುಂದೆ ಬಂತು. ಇನ್ನೊಂದನ್ನು ಎಳೆದ. ಚರ್ಮ ಹಿಂದೆ ಸರಿದು ಎಲುಬು ನಿಂತಿತು. ಮತ್ತೊಂದು. ಎಲುಬು ಮಬ್ಬಾಗಿ, ಗಾಳಿ ಓಡಾಡುವ ದಾರಿ ಇಜ್ಜಲಿನ ಹಾಗೆ ಕಪ್ಪಾಗಿ ಎದ್ದು ಬಂತು. ಕಸ ಗುಡಿಸುವ ಗುಂಡಿಯನ್ನು ಪೂರ್ತಿ ಕೆಳಗೆ ತಂದಾಗ, ಮರಳು ಎರಚಿದಂತಿದ್ದ ಚಿತ್ರದ ನಡುವೆ, ಮೊದಲು ಏನೂ ಇಲ್ಲದಿದ್ದ ಜಾಗದಲ್ಲಿ, ಕೂದಲೆಳೆಯಷ್ಟು ಬಿಳುಪು. ಒಂದೇ ನೆರಳು. ಅದರೊಳಗೆ ಇಷ್ಟು ಚಿತ್ರಗಳು ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕೂತಿದ್ದವು. ಅವನು ಮೌಸಿನಿಂದ ಕೈ ತೆಗೆದು, ಅಭ್ಯಾಸ ಬಲದಿಂದ ಶಿಲುಬೆ ಗುರುತು ಹಾಕಿಕೊಂಡ. ಈ ಸಲ ಕಲೆಯಾಗಲಿಲ್ಲ.

ಅಲ್ಲಿಂದ ಶುರುವಾಯಿತು ಅವನ ಸಂಶೋಧನೆ. ಹೆಂಡತಿ ಸಾರಿಗೆ ತಂದ ಪ್ರತಿ ಮೀನಿನ ಮುಳ್ಳನ್ನೂ ತೊಳೆದು ಒಣಗಿಸಿ ಹೆಸರು ಬರೆದು ಬೆಂಕಿಪೊಟ್ಟಣಗಳಲ್ಲಿಟ್ಟ. ಮನುಷ್ಯರ ಗಂಟಲಿನಲ್ಲಿ ಇಟ್ಟು ನೋಡಲು ಯಾರೂ ಒಪ್ಪುವಂತಿರಲಿಲ್ಲ. ಕಸಾಯಿಯವನ ಹತ್ತಿರ ಒಂದು ಆಡಿನ ಕುತ್ತಿಗೆ ಕೊಂಡು ತಂದ. ಭಾನುವಾರ ಮಧ್ಯಾಹ್ನ, ಎಲ್ಲರೂ ಮಲಗಿದ ಹೊತ್ತಿನಲ್ಲಿ, ಅದರೊಳಗೆ ಒಂದೊಂದೇ ಮುಳ್ಳು ಚುಚ್ಚಿ ಚಿತ್ರ ತೆಗೆಯುತ್ತಿದ್ದಾಗ ಸಿಸ್ಟರ್ ಡೆಲ್ಫಿನಾ ಬಾಗಿಲು ತಳ್ಳಿದರು.

"ಯಾರದು ಪೇಷೆಂಟ್?"

ಸೆಲೆಸ್ಟಿನ್ ಗೋಡೆ ಹುಡುಕಿದ. ಸಿಗಲಿಲ್ಲ. "ಆಡು, ಸಿಸ್ಟರೇ."

ಸಿಸ್ಟರ್ ಪರದೆಯ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡರು. ಹೆಸರು, ವಯಸ್ಸು ತುಂಬದೆ ಆ ಸಾಫ್ಟ್‌ವೇರ್ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ ಅವನು ಪ್ರಾಮಾಣಿಕವಾಗಿ ತುಂಬಿದ್ದ: 'ಆಡು, ಎರಡು ವರ್ಷ, ಗಂಡು.'

"ಚೀಟಿ ಮಾಡಿಸಿದೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಿಸ್ಟರ್ ಹೊರಟುಹೋದರು. ಬಾಗಿಲ ಆಚೆ ಅವರು ನಕ್ಕರೆಂದು ಕೆಲವರು ಹೇಳುತ್ತಾರೆ. ಸೆಲೆಸ್ಟಿನ್ ನಂಬಿಲ್ಲ.

ಆರು ತಿಂಗಳ ಮೇಲೆ ಅನೂಪ್ ಮತ್ತೆ ಬಂದು ಪಟ್ಟಿ ತೆರೆದ. ಎದೆ, ಹೊಟ್ಟೆ, ತಲೆಬುರುಡೆ, ಕೈ, ಕಾಲು ಎಂದು ಕಂಪನಿ ಬರೆದದ್ದರ ಕೆಳಗೆ ಬೂತಾಯಿ, ಕೊಡ್ಡಾಯಿ, ಚೆಂಬಲ್ಲಿ, ಏಡಿಕಾಲು ಎಂದಿತ್ತು. ಕೊನೆಯಲ್ಲಿ 'ಬಂಗುಡೆ – ಕಾಣುವುದು ಅನುಮಾನ.'

"ಅಣ್ಣಾ, ಇದು ಆಸ್ಪತ್ರೇನಾ, ಹೋಟೆಲಾ?"

"ಇಲ್ಲಿ ತಿಂದು ಮುಗಿಸಿದ ಮೇಲೆ ಬರೋದು," ಎಂದ ಸೆಲೆಸ್ಟಿನ್.

ಇಷ್ಟಾದ ಮೇಲೆ ಅವನಿಗೆ ಸ್ವಲ್ಪ ಕೋಡು ಮೂಡಿತು. ಅದನ್ನು ಮುರಿದದ್ದು ಲೂಯಿಸ್ ಮಾಷ್. ಮೂವತ್ತಾರು ವರ್ಷ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಮದುವೆ ಊಟ ಮುಗಿಸಿ ಗಂಟಲು ಚುಚ್ಚುತ್ತದೆ ಎಂದು ಬಂದರು. ಯಾವ ಮೀನೆಂದು ಅವರಿಗೇ ಗೊತ್ತಿಲ್ಲ, ಎಲೆಯ ಮೇಲೆ ಐದು ಬಗೆ ಇತ್ತು. ಸೆಲೆಸ್ಟಿನ್ ಎಲ್ಲ ಹೆಸರನ್ನೂ ಒಂದಾದಮೇಲೊಂದು ಓಡಿಸಿದ. ಚೆಂಬಲ್ಲಿಯಲ್ಲಿ ಥಳಥಳ ಹೊಳೆಯುವ ಗೆರೆ ಸಿಕ್ಕಿತು. ಮಾಷನ್ನು ಕೊಲ್ಲಂ ಪೇಟೆಗೆ ಕಳಿಸಿ, ಅರಿವಳಿಕೆ ಕೊಟ್ಟು, ಗಂಟಲೊಳಗೆ ಕೊಳವೆ ಇಳಿಸಿ ನೋಡಿದರು. ಅದು ಅವರದೇ ಗಂಟಲಿನ ಮೆದುಎಲುಬು. ವಯಸ್ಸಾಗಿ ಅಲ್ಲಲ್ಲಿ ಗಟ್ಟಿಯಾಗಿತ್ತು. ಮೂವತ್ತಾರು ವರ್ಷ ಮಕ್ಕಳಿಗೆ ಕಂಠಪಾಠ ಮಾಡಿಸಿದ ಕಂಠ, ಅದಕ್ಕೂ ಪಾಠ ಹತ್ತಿರಬೇಕು. ಅಂದಿನಿಂದ ಮಾಷ್ ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಎಲ್ಲರೆದುರಿಗೆ, "ಏನಪ್ಪಾ ಸೆಲೆಸ್ಟಿನ್, ಇವತ್ತು ಯಾರಿಗೆ ಮುಳ್ಳಿಟ್ಟೆ?" ಎಂದು ಕೇಳುತ್ತಿದ್ದರು.

ಎಲ್ಲ ಹೆಸರನ್ನೂ ಓಡಿಸುತ್ತ ಹೋದರೆ ನಲವತ್ತು ದಾಟಿದ ಯಾರ ಗಂಟಲಲ್ಲಾದರೂ ಒಂದಲ್ಲ ಒಂದು ಮುಳ್ಳು ಸಿಕ್ಕೇ ಸಿಗುತ್ತದೆ ಎಂದು ಸೆಲೆಸ್ಟಿನ್‌ಗೆ ಅರ್ಥವಾಯಿತು. ಹುಡುಕುವ ಕಣ್ಣಿಗೆ ಯಂತ್ರ ಎಂದೂ ನಿರಾಸೆ ಮಾಡುವುದಿಲ್ಲ. ಅಂದು ತನಗೆ ತಾನೇ ಒಂದು ಕಟ್ಟು ಹಾಕಿಕೊಂಡ. ಮೊದಲು ಮೀನಿನ ಹೆಸರು, ಆಮೇಲೆ ಚಿತ್ರ.

ಆ ಕಟ್ಟಿಗೆ ಪರೀಕ್ಷೆ ಬಂದದ್ದು ಎರಡು ವರ್ಷದ ಮೇಲೆ, ಈಸ್ಟರ್‌ಗೆ ಮುಂಚಿನ ಐವತ್ತು ದಿನದ ವ್ರತದ ನಡುವೆ, ಒಂದು ಮಂಗಳವಾರ ಬೆಳಿಗ್ಗೆ. ಬಂದವಳು ಕರ್ಮಿಲಿ ಚೇಚಿ, ತೀರಕ್ಕೆಲ್ಲ ಅಕ್ಕ.

ತೀರದಲ್ಲಿ ಮೀನು ಹರಾಜು ಕೂಗುವ ಹೆಂಗಸು ಅವಳೊಬ್ಬಳೇ. ಗಂಡ ಕಡಲಿನಿಂದ ಮರಳದ ವರ್ಷ, ಅವನ ಪಾಲಿನ ಮೀನನ್ನು ಯಾರೋ ಕಡಿಮೆಗೆ ಹೊಡೆದುಕೊಳ್ಳಲು ನೋಡಿದಾಗ ಮರಳ ಮೇಲೆ ನಿಂತು ತಾನೇ ಕೂಗಿದಳು. ಆಮೇಲೆ ನಿಲ್ಲಿಸಲಿಲ್ಲ. ಸವಾಲು ಮುಗಿಸುವ ಮುಂಚೆ 'ಒರುತರಂ, ರಂಡುತರಂ', ಒಂದು ಸಲ, ಎರಡು ಸಲ, ಎಂದು ಅವಳು ಎಳೆದರೆ ಅಲೆಯೂ ಮೂರನೆಯದಕ್ಕೆ ಕಾಯುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಎಕ್ಸ್-ರೇ ಕೋಣೆಯ ಗೋಡೆ ಕಿರಣ ಹೊರಗೆ ಹೋಗದಂತೆ ಒಂಬತ್ತು ಇಂಚು ದಪ್ಪ ಕಟ್ಟಿದ್ದು. ಕಿರಣ ಹೊರಗೆ ಹೋಗುತ್ತಿರಲಿಲ್ಲ, ಕರ್ಮಿಲಿಯ ದನಿ ಮಾತ್ರ ಒಳಗೆ ಬರುತ್ತಿತ್ತು.

ಅಂದು ಬರಲಿಲ್ಲ. ಮೊದಲ ಬುಟ್ಟಿಗೇ ದನಿ ಒಡೆದು, ಎರಡನೆಯದಕ್ಕೆ ಗಾಳಿ ಮಾತ್ರ ಬಂದು, ಅವಳು ಬುಟ್ಟಿಯ ಮೇಲೆ ಕೂತುಬಿಟ್ಟಳಂತೆ. ಅಕ್ಕಪಕ್ಕದವರು ಸೇರಿ ಅನ್ನದ ಉಂಡೆ ನುಂಗಿಸಿದರಂತೆ. ಏಳು ಉಂಡೆ. ಆಮೇಲೆ ಎರಡು ಬಾಳೆಹಣ್ಣು. ಆಮೇಲೆ ಆಸ್ಪತ್ರೆ.

ಡಾಕ್ಟರ್ ರಂಜುಷ ಕನ್ನಡಿ ಹಾಕಿ ನೋಡಿದರು. ಬೆಟ್ಟದ ಸೀಮೆಯಿಂದ ಬಂದ, ಸೇರಿ ಎರಡು ತಿಂಗಳಾಗಿದ್ದ ಚಿಕ್ಕ ವಯಸ್ಸಿನ ಡಾಕ್ಟರು. ಗಂಟಲು ಕೆಂಪಗಿದೆ, ಬೇರೇನೂ ಕಾಣುವುದಿಲ್ಲ ಎಂದು ಎಕ್ಸ್-ರೇಗೆ ಬರೆದರು. ಸಿಸ್ಟರ್ ಡೆಲ್ಫಿನಾ ತಾವೇ ಕರ್ಮಿಲಿಯ ಕೈ ಹಿಡಿದುಕೊಂಡು ಕರೆತಂದರು.

"ಯಾವ ಮೀನು ಚೇಚಿ?" ಎಂದ ಸೆಲೆಸ್ಟಿನ್.

ಕರ್ಮಿಲಿಯ ಕಣ್ಣು ಮೊದಲು ಸಿಸ್ಟರ್ ಕಡೆಗೆ ಹೋಯಿತು. "ಮೀನಲ್ಲ," ಎಂದಳು, ಹರಿದ ದನಿಯಲ್ಲಿ. "ತೆಂಗಿನ ಗರಿ ಕಡ್ಡಿ. ನಾಲಿಗೆ ಕೆರೀತಿದ್ದೆ. ಮುರಿದು ಒಳಗೆ ಹೋಯ್ತು."

"ಮೀನು ಹೇಗಾಗುತ್ತೆ?" ಎಂದರು ಸಿಸ್ಟರ್. "ಐವತ್ತು ದಿನ ಮೀನು ನಾಲಿಗೆಗೆ ಸೋಕಿಸಲ್ಲ ಅಂತ ಹರಕೆ ಹೊತ್ತಿದಾಳೆ. ದಿನವಿಡೀ ಮೀನಿನ ನಡುವೆ ಇದ್ದೂ. ಇವಳನ್ನ ನೋಡಿ ಕಲೀರಿ ಅಂತ ನಾನು ಭಾನುವಾರ ಪ್ರಾರ್ಥನೇಲಿ ಎಲ್ಲರಿಗೂ ಹೇಳಿದೀನಿ."

ಹರಕೆ ಯಾತಕ್ಕೆಂದು ತೀರಕ್ಕೆಲ್ಲ ಗೊತ್ತು. ಮಗಳು ಜೆಸಿಂತ ಮದುವೆಯಾಗಿ ಎಂಟು ವರ್ಷದ ಮೇಲೆ ಬಸುರಿ. ಈಗ ಆರನೆಯ ತಿಂಗಳು.

ಸೆಲೆಸ್ಟಿನ್ ಕುತ್ತಿಗೆಯನ್ನು ಪಕ್ಕದಿಂದ ತೆಗೆದ. ಕಂಪನಿಯ ಅಳತೆಯಲ್ಲಿ ಚಿತ್ರ ಬಂತು. ಸ್ವಚ್ಛ, ಸುಂದರ, ಖಾಲಿ. ಡಾಕ್ಟರು ಬಂದು ನೋಡಿ, "ಕಡ್ಡಿ ಹೇಗೂ ಎಕ್ಸ್-ರೇಗೆ ಕಾಣಲ್ಲ. ಗೀರಿದ ನೋವೇ ಇರಬೇಕು. ಮೂರು ದಿನ ಮಾತ್ರೆ ತಗೊಳ್ಳಲಿ, ಹೋಗದಿದ್ರೆ ಪೇಟೆಗೆ ಕಳಿಸೋಣ," ಎಂದರು. ಕರ್ಮಿಲಿ ತಲೆ ಆಡಿಸಿದಳು. ಎಂಜಲು ನುಂಗಿದಾಗ ಅವಳ ಕಾಲ್ಬೆರಳುಗಳು ಮಡಚಿಕೊಂಡದ್ದು ಸೆಲೆಸ್ಟಿನ್‌ಗೆ ಕಂಡಿತು.

ಕಟ್ಟಿನ ಪ್ರಕಾರ ಅವನ ಕೆಲಸ ಮುಗಿದಿತ್ತು. ಹೆಸರಿಲ್ಲ, ಚಿತ್ರವಿಲ್ಲ. ಆದರೆ ಅವನ ತಲೆಯೊಳಗೆ ಏಳು ಅನ್ನದ ಉಂಡೆಗಳು ಕೂತಿದ್ದವು. ಬೆಟ್ಟದ ಸೀಮೆಯ ಡಾಕ್ಟರಿಗೆ ಅದು ಹೊಳೆಯುವುದು ಸಾಧ್ಯವಿರಲಿಲ್ಲ. ಮಠದ ಅಡುಗೆ ಉಣ್ಣುವ ಸಿಸ್ಟರಿಗೂ ಹೊಳೆಯಲಿಲ್ಲ. ಈ ತೀರದಲ್ಲಿ ಕಡ್ಡಿ ಚುಚ್ಚಿದರೆ ಉಪ್ಪುನೀರು ಮುಕ್ಕಳಿಸುತ್ತಾರೆ. ಅನ್ನದ ಉಂಡೆ ನುಂಗುವುದು ಮುಳ್ಳಿಗೆ.

ಅವನ ಕಸುಬಿನಲ್ಲಿ ಎಂಥ ಕೋಣೆಯನ್ನೂ ಕ್ಷಣದಲ್ಲಿ ಖಾಲಿ ಮಾಡಿಸುವ ಒಂದು ಮಾತಿದೆ. ಅದನ್ನು ಆಡಲು ಅವನು ಎರಡು ಸಲ ಗಂಟಲು ಸರಿಮಾಡಿಕೊಳ್ಳಬೇಕಾಯಿತು.

"ಸಿಸ್ಟರೇ, ಇನ್ನೊಂದು ಸಲ ಕಿರಣ ಬಿಡ್ತೀನಿ. ಹೊರಗೆ ನಿಲ್ಲಿ."

ಬಾಗಿಲು ಮುಚ್ಚಿತು. ಸೆಲೆಸ್ಟಿನ್ ಕಿರಣ ಬಿಡಲಿಲ್ಲ. ಸೀಸದ ಗಾಜಿನ ಕಿಂಡಿಯ ಈಚೆ ಅವನು, ಆಚೆ ಮುಕ್ಕಾಲಿಯ ಮೇಲೆ ಕರ್ಮಿಲಿ. ಚರ್ಚಿನ ಪಾಪನಿವೇದನೆಯ ಗೂಡಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಚೇಚಿ, ಕಡ್ಡಿಗೆ ಏಳು ಉಂಡೆ ಅನ್ನ ಯಾರು ನುಂಗ್ತಾರೆ?"

ಅವಳು ಮುಚ್ಚಿದ ಬಾಗಿಲ ಕಡೆಗೆ ನೋಡಿದಳು.

"ನಾನು ಪಾದ್ರಿ ಅಲ್ಲ. ಪಾಪ ನನಗೆ ಬೇಡ. ಮೀನಿನ ಹೆಸರು ಸಾಕು."

ಅವಳು ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು. "ಉಪ್ಪು ನೋಡಿದೆ ಕಣೋ."

"ಯಾವುದರದ್ದು?"

"ಚೆಂಬಲ್ಲಿ ತಲೆ ಸಾರು. ಜೆಸಿಂತ ಆಸೆಪಟ್ಟಳು. ನಾನೇ ಹರಾಜಿನಲ್ಲಿ ಆರಿಸಿ ತಂದು ಬೇಯಿಸಿದೆ. ಒಂದು ಚೂರು ಬಾಯಿಗೆ ಹಾಕ್ಕೊಂಡೆ. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗೇ ಬಾಯಿಗೆ ಹೋಯ್ತು. ನಾಲಿಗೆ ಮೇಲೆ ಬಿದ್ದ ಮೇಲೆ ಹರಕೆ ನೆನಪಾಯ್ತು. ಉಗಿದ್ರೆ ಅವಳು ನೋಡ್ತಾಳೆ, ಹೆದರ್ತಾಳೆ ಅಂತ ಗಾಬರೀಲಿ ನುಂಗಿಬಿಟ್ಟೆ." ಅವಳು ಉಸಿರು ತೆಗೆದುಕೊಂಡಳು. "ಹರಕೆ ಮುರೀತು ಅಂತ ಬಾಯಿಬಿಟ್ಟು ಹೇಳಿದ್ರೆ ಮುರೀತು ಅಂತಲೇ ಆಗುತ್ತಲ್ಲೋ. ಆ ಮಗುಗೇನಾದ್ರೂ ಆದ್ರೆ? ಮುಳ್ಳು ನನ್ನ ಹತ್ರ ಇರಲಿ ಬಿಡು."

"ಮಗೂಗೆ ಅಜ್ಜಿ ಬೇಡ್ವಾ?"

"ಅಜ್ಜಿ ಇರ್ತಾಳೆ. ದನಿ ಹೋದ್ರೆ ಹೋಗಲಿ."

ತೀರದಲ್ಲಿ ಆ ದನಿಗೆ ಬೆಲೆ ಕಟ್ಟುವವರೇ ಹುಟ್ಟಿರಲಿಲ್ಲ. ಅವಳು ಅದನ್ನು ಒಂದೇ ಸವಾಲಿಗೆ ಬಿಟ್ಟುಕೊಡುತ್ತಿದ್ದಳು.

ಸೆಲೆಸ್ಟಿನ್ ಪಟ್ಟಿಯಲ್ಲಿ ಕೆಳಗಿಳಿದು ಚೆಂಬಲ್ಲಿಯನ್ನು ಒತ್ತಿದ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ತೆರೆಯಿತು. ಚರ್ಮ ಹಿಂದೆ ಸರಿಯಿತು. ಬೆನ್ನುಮೂಳೆಯ ಗಂಟುಗಳು ಬೂದಿ ಬಣ್ಣಕ್ಕೆ ತಿರುಗಿದವು. ಅವುಗಳ ಮುಂದೆ, ದನಿಪೆಟ್ಟಿಗೆಯ ಬೆನ್ನಿಗೆ, ಅನ್ನದ ದಾರಿ ಶುರುವಾಗುವ ಕಡೆ ಒಂದು ಗೆರೆ. ಬಿಳಿ, ಸಣ್ಣಗೆ ಬಾಗಿದ, ಎರಡೂ ತುದಿ ಮೊನಚಾದ ಗೆರೆ. ಅದರ ಒಂದು ಮೊನೆ ಗೋಡೆಯನ್ನು ತಾಗಿ ನಿಂತಿತ್ತು. ಇನ್ನೊಂದು ಉಂಡೆ ಅನ್ನ ಬಿದ್ದಿದ್ದರೆ ಆಚೆಗೆ ಹಾಯುತ್ತಿತ್ತೇನೋ.

ಲೂಯಿಸ್ ಮಾಷ್ ಗಂಟಲಲ್ಲೂ ಹೀಗೇ ಹೊಳೆದಿತ್ತು. ಹಳೆಯ ಕಡತ ತೆರೆದು 'ಆಡು, ಎರಡು ವರ್ಷ, ಗಂಡು' ಹೊರತೆಗೆದು ಎರಡು ಕುತ್ತಿಗೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟ. ಆಡಿನೊಳಗೆ ಅವನೇ ಚುಚ್ಚಿದ್ದ ಚೆಂಬಲ್ಲಿಯ ಮುಳ್ಳು. ಅದೇ ಬಾಗು, ಅದೇ ಮೊನೆ. ಮಾಷ್ ಗೆರೆಯ ಅಂಚು ಮೋಡದ ಹಾಗೆ ಕದಡಿತ್ತು. ಇದರ ಅಂಚು ಕತ್ತರಿಸಿಟ್ಟ ಹಾಗಿತ್ತು.

"ಬನ್ನಿ ಚೇಚಿ, ನೋಡಿ."

ಅವಳು ಕಿಂಡಿಯ ಈಚೆಗೆ ಬಂದು ನಿಂತಳು. "ಆ ಪಕ್ಕದ ಕುತ್ತಿಗೆ ಯಾರದ್ದು?"

"ಆಡು."

"ನನಗಿಂತ ಚೆಂದ ಇದೆ." ಆಮೇಲೆ ತನ್ನ ಕುತ್ತಿಗೆಯ ಹತ್ತಿರ ಬೆರಳು ತಂದಳು. ಮುಳ್ಳಿನ ಮೇಲಲ್ಲ. ಅದರ ಮುಂದೆ ಮೇಲಿನಿಂದ ಕೆಳಗೆ ಇಳಿದಿದ್ದ ಬೆರಳಗಲದ ಕಪ್ಪು ಪಟ್ಟಿಯ ಮೇಲೆ. "ಇದೇನು?"

"ಗಾಳಿ. ನಿಮ್ಮ ದನಿ ಬರೋ ದಾರಿ."

"ಇಷ್ಟೇನಾ?"

"ಇಷ್ಟೇ."

"ಇದರಲ್ಲಿ ಏನೂ ಇಲ್ವಲ್ಲೋ."

"ಏನೂ ಇಲ್ಲ, ಚೇಚಿ."

ಸೆಲೆಸ್ಟಿನ್ ಸಾವಿರಾರು ಗಂಟಲು ನೋಡಿದ್ದ, ಆ ಕಪ್ಪನ್ನು ದಾಟಿ ಮುಳ್ಳು ಹುಡುಕುವುದೇ ಅವನ ಕೆಲಸ. ಇಡೀ ತೀರವನ್ನು ನಿಲ್ಲಿಸುತ್ತಿದ್ದ ಕೂಗು ಒಂಬತ್ತು ಇಂಚಿನ ಗೋಡೆ ದಾಟಿ ಬರುತ್ತಿದ್ದದ್ದು ಈ ಖಾಲಿ ಓಣಿಯಿಂದ ಎಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ಕರ್ಮಿಲಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಚರ್ಚಿನೊಳಗೆ ಹೊಕ್ಕಾಗ ಮಾಡುವ ಹಾಗೆ.

ಸೆಲೆಸ್ಟಿನ್ ಕರೆದಾಗ ಡಾಕ್ಟರ್ ರಂಜುಷ ಮತ್ತೆ ಬಂದು ಚಿತ್ರದ ಹತ್ತಿರಕ್ಕೆ ಬಗ್ಗಿದರು. ಸಿಸ್ಟರ್ ಅವರ ಹಿಂದೆ.

"ಸೆಲೆಸ್ಟಿನ್ ಅಣ್ಣ, ಇದು ಮುಳ್ಳಿನ ಹಾಗಿದೆ, ನಿಜ. ಆದ್ರೆ ಅವರೇ ಕಡ್ಡಿ ಅಂತಾರೆ. ಲೂಯಿಸ್ ಮಾಷ್ ಕತೆ ನನಗೂ ಹೇಳಿದಾರೆ. ಈ ವಯಸ್ಸಿನವರಿಗೆ ಅರಿವಳಿಕೆ ಕೊಡಿ ಅಂತ ನಾನು ಯಾವ ಧೈರ್ಯದ ಮೇಲೆ ಬರೀಲಿ? ಯಾವ ಮೀನು?"

ಸೆಲೆಸ್ಟಿನ್ ಹಿಂದೆ ಸರಿದ. ಎಡಗಡೆ ಸಿಸ್ಟರ್, ಬಲಗಡೆ ಡಾಕ್ಟರು, ಬೆನ್ನಿಗೆ ಗೋಡೆ. ತನ್ನದೇ ಪ್ರಶ್ನೆ ತಿರುಗಿ ಬಂದು ಅವನ ಗಂಟಲಲ್ಲೇ ಸಿಕ್ಕಿಕೊಂಡಿತ್ತು. "ಹೆಸರು ಗೊತ್ತಿದೆ ಡಾಕ್ಟರೇ," ಎಂದ ಕೊನೆಗೆ. "ಹೇಳೋದು ನನ್ನದಲ್ಲ. ತಪ್ಪಾದ್ರೆ ನಾಳೆಯಿಂದ ಈ ಕೋಣೆಗೆ ಬರಲ್ಲ. ನನ್ನ ಮಾತಿನ ಮೇಲೆ ಬರೀರಿ." ಇಪ್ಪತ್ತೈದು ವರ್ಷದಲ್ಲಿ ಅವನು ಸಿಸ್ಟರ್ ಎದುರಿಗೆ ಆಡಿದ ಅತಿ ಉದ್ದದ ಮಾತು ಅದು. ಸಿಸ್ಟರ್ ಅವನನ್ನು ಹೊಸಬನನ್ನು ನೋಡುವ ಹಾಗೆ ನೋಡಿದರು.

"ಚೆಂಬಲ್ಲಿ," ಎಂದಿತು ಬಾಗಿಲ ಹತ್ತಿರದಿಂದ ಒಂದು ದನಿ.

ದಿನಕ್ಕೆ ನೂರು ಸಲ ಆಕಾಶಕ್ಕೆ ಎಸೆಯುತ್ತಿದ್ದ ಹೆಸರನ್ನು ಅವಳು ನೆಲದ ಮೇಲೆ ಮೆಲ್ಲಗೆ ಇಟ್ಟಳು. "ಚೆಂಬಲ್ಲಿ, ಸಿಸ್ಟರೇ. ಮಗಳಿಗೆ ಸಾರು ಮಾಡ್ತಾ ಉಪ್ಪು ನೋಡಿದೆ."

ಸಿಸ್ಟರ್ ಡೆಲ್ಫಿನಾ ಕತ್ತಿನ ಜಪಮಾಲೆ ಹಿಡಿದುಕೊಂಡು ಅವಳನ್ನೇ ನೋಡಿದರು.

"ಉಪ್ಪು ಸರಿ ಇತ್ತಾ?" ಎಂದು ಕೇಳಿದರು ಸಿಸ್ಟರ್.

"ಒಂದು ಚೂರು ಕಮ್ಮಿ ಇತ್ತು."

"ಆಮೇಲೆ ಹಾಕಿದೆಯಾ?"

"ಹಾಕಿದೆ."

"ಸರಿ. ಉಪ್ಪು ನೋಡೋದು ಊಟ ಅಲ್ಲ. ಪಾದ್ರಿಗಳು ಬೇರೆ ಹೇಳಿದ್ರೆ ನನ್ನ ಹತ್ರ ಕಳಿಸು." ಬಾಗಿಲ ಹತ್ತಿರ ಹೋಗಿ ತಿರುಗಿದರು. "ಸೆಲೆಸ್ಟಿನೇ, ನಿಂತು ನೋಡ್ತೀಯೇನು? ಜೀಪ್ ತೆಗೆಸು."

ಕೊಲ್ಲಂ ಪೇಟೆಯ ಗಂಟಲಿನ ಡಾಕ್ಟರು ಚಿತ್ರವನ್ನು ಎದುರಿಗೆ ಇಟ್ಟುಕೊಂಡು, ಕುತ್ತಿಗೆಗೆ ಚಾಕು ಮುಟ್ಟಿಸದೆ, ಬಾಯಿಂದಲೇ ಕೊಳವೆ ಇಳಿಸಿ ಕಾಲು ಗಂಟೆಯಲ್ಲಿ ಮುಳ್ಳನ್ನು ಹೊರತೆಗೆದರು. ಚಿತ್ರ ತೋರಿಸಿದ ಜಾಗದಲ್ಲೇ ಇತ್ತು. ಮೊನೆ ಗೋಡೆಯೊಳಗೆ ಇಳಿಯತೊಡಗಿತ್ತು, ಮೂರು ದಿನ ಬಿಟ್ಟಿದ್ದರೆ ಕೀವಾಗಿ ದನಿಯಷ್ಟೇ ಅಲ್ಲ, ಜೀವಕ್ಕೂ ಕಷ್ಟವಿತ್ತು ಎಂದರಂತೆ. ಮುಳ್ಳನ್ನು ಪುಟ್ಟ ಸೀಸೆಯಲ್ಲಿ ಹಾಕಿ ಕೊಟ್ಟರು. ಈಸ್ಟರ್ ವರೆಗೆ ಒಂದು ಮಾತೂ ಆಡಬಾರದು ಎಂದು ಕಟ್ಟಪ್ಪಣೆ. ಮೀನು ಬಿಡುವುದಕ್ಕಿಂತ ಇದು ದೊಡ್ಡ ವ್ರತ ಎಂದು ತೀರದವರು ನಕ್ಕರು. ಕರ್ಮಿಲಿ ಚೇಚಿ ಎರಡನ್ನೂ ಪಾಲಿಸಿದಳು. ಸಾರಿನ ಉಪ್ಪನ್ನು ಜೆಸಿಂತಳೇ ನೋಡಿಕೊಂಡಳು.

ಲೂಯಿಸ್ ಮಾಷ್ ಗುಡ್ ಫ್ರೈಡೇ ದಿನ ಚರ್ಚಿನ ಮೆಟ್ಟಿಲ ಮೇಲೆ ಸೆಲೆಸ್ಟಿನ್‌ನನ್ನು ಕಂಡು ಬಾಯಿ ತೆರೆದರು, ಒಂದು ಕ್ಷಣ ಯೋಚಿಸಿದರು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಈಸ್ಟರ್ ಕಳೆದ ಸೋಮವಾರ ಬೆಳಿಗ್ಗೆ ಸೆಲೆಸ್ಟಿನ್ ಆಸ್ಪತ್ರೆಗೆ ಹೋಗುವ ದಾರಿ ಬಿಟ್ಟು ಮರಳಿಗಿಳಿದ. ದೋಣಿಗಳು ಬಂದಿದ್ದವು. ಬುಟ್ಟಿಗಳ ಸುತ್ತ ಜನ ಗುಂಪುಗೂಡಿ ನಿಂತಿದ್ದರು, ಆದರೆ ಯಾರೂ ಗದ್ದಲ ಮಾಡುತ್ತಿರಲಿಲ್ಲ. ನಡುವೆ ಕರ್ಮಿಲಿ ಚೇಚಿ ಸೆರಗು ಸಿಕ್ಕಿಸಿಕೊಂಡು ನಿಂತು ಕಡಲ ಕಡೆಗೊಮ್ಮೆ, ಬುಟ್ಟಿಯ ಕಡೆಗೊಮ್ಮೆ ನೋಡಿದಳು. ಬಾಯಿ ತೆರೆದಳು. ಮೊದಲ ಅಕ್ಷರ ಸ್ವಲ್ಪ ಒರಟಾಗಿ, ಹೊಸ ಬಾಗಿಲ ಕೀಲಿನ ಹಾಗೆ ಬಂತು. ಎರಡನೆಯದು ದಾರಿ ಕಂಡುಕೊಂಡಿತು. 'ಚೆಂಬಲ್ಲೀ' ಎಂದು ಅವಳು ಎಳೆದಾಗ ದಡದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು.

ಸೆಲೆಸ್ಟಿನ್ ಕಣ್ಣು ಮುಚ್ಚಿದ. ಬೆರಳಗಲದ ಆ ಕಪ್ಪು ಪಟ್ಟಿ ಅವನಿಗೆ ಕಂಡಿತು. ಅದರೊಳಗೆ ಏನೂ ಇರಲಿಲ್ಲ. ಅದರಿಂದಲೇ ಇದೆಲ್ಲ ಬರುತ್ತಿತ್ತು. ಬಲಗೈ ತಾನಾಗೇ ಹಣೆಗೆ ಹೋಯಿತು.

"ಸೆಲೆಸ್ಟಿನೇ," ಎಂದಿತು ಅದೇ ದನಿ, ಹರಾಜಿನ ನಡುವೆಯೇ, ಇಡೀ ತೀರಕ್ಕೆ ಕೇಳುವ ಹಾಗೆ. "ನನ್ನ ಗಂಟಲ ಒಳಗೆ ನೋಡಿದ್ದು ಸಾಕು. ಕಣ್ಣು ಬಿಟ್ಟು ಸವಾಲು ಕೂಗು, ಇಲ್ಲ ದಾರಿ ಬಿಡು. ಒರುತರಂ..."

ಜನ ನಕ್ಕರು. ಅವನು ದಾರಿ ಬಿಟ್ಟು ಪಕ್ಕಕ್ಕೆ ನಿಂತ, ಡ್ಯೂಟಿಗೆ ಹೊತ್ತಾಗುತ್ತಿದ್ದರೂ, ಮೂರನೆಯದು ಕೇಳಿಸುವವರೆಗೆ.